ಜಾಹೀರಾತಿನ ಮೇಲೊಂದು ದೂರು: ಪುರಾವೆ ಕೇಳಿದ ಮೇಲೆ ಏನಾಗುತ್ತದೆ?

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಎರಡನೇ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬ ಪ್ರಯೋಗಾಲಯಕ್ಕೆ ಅಂಗೈಯಗಲದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ತಂದಿದ್ದ. ಹಿಂಬದಿಯಲ್ಲಿ ಪ್ಲಗ್ಗಿನ ಪಿನ್ನುಗಳು, ಮುಂದೆ ಒಂದು ಹಸಿರು ದೀಪ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು, ಕರೆಂಟ್ ಬಿಲ್ಲು ಶೇಕಡ 30ರಿಂದ 40ರಷ್ಟು ಇಳಿಯುತ್ತದೆ ಎಂದು ಕೇಬಲ್ ಟಿ.ವಿ.ಯಲ್ಲಿ ಬಂದ ಜಾಹೀರಾತು ನೋಡಿ ಅವನ ತಂದೆ ಎರಡು ತರಿಸಿದ್ದರಂತೆ. ಮೂರು ತಿಂಗಳು ಕಳೆದರೂ ಬಿಲ್ಲು ಇಳಿದಿರಲಿಲ್ಲ. "ಸರ್, ಇದು ಕೆಟ್ಟಿರಬಹುದೇ?" ಎಂಬುದು ಅವನ ಪ್ರಶ್ನೆ.

ಬಿಚ್ಚಿ ನೋಡಿದೆವು. ಕೆಟ್ಟಿರಲಿಲ್ಲ. ಒಳಗೆ ಇದ್ದದ್ದು 4 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರ್, ದೀಪಕ್ಕೆ ಬೇಕಾದ ಒಂದು ರೋಧಕ, ಅಷ್ಟೆ. ಫ್ಯಾನ್ ರಿಪೇರಿ ಮಾಡುವವರು ಕಂಡೆನ್ಸರ್ ಎನ್ನುತ್ತಾರಲ್ಲ, ಅದೇ ಜಾತಿಯ ವಸ್ತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಆ ಕೆಲಸಕ್ಕೂ ಬಿಲ್ಲಿಗೂ ಸಂಬಂಧವಿರಲಿಲ್ಲ ಎಂಬುದೊಂದೇ ತೊಡಕು.

ಇದನ್ನು ಸ್ವಲ್ಪ ವಿವರವಾಗಿ ನೋಡೋಣ. ಪಂಪಿನಂಥ ಮೋಟಾರುಗಳಲ್ಲಿ ವಿದ್ಯುತ್ ಪ್ರವಾಹವು ವಿಭವಾಂತರಕ್ಕಿಂತ ಹಿಂದೆ ಬೀಳುತ್ತದೆ. ಹೀಗಾಗಿ ಪ್ರವಾಹದ ಒಂದು ಅಂಶ ಕೆಲಸ ಮಾಡುತ್ತದೆ, ಇನ್ನೊಂದು ಅಂಶ ಸುಮ್ಮನೆ ಹೋಗಿ ಬರುತ್ತದೆ. ಕೆಪಾಸಿಟರ್ ಈ ಎರಡನೆಯ ಅಂಶವನ್ನು ಕೊಂಚ ಕಡಿಮೆ ಮಾಡಬಲ್ಲದು. ಪವರ್ ಫ್ಯಾಕ್ಟರ್ ಕಡಿಮೆಯಾದರೆ ಹೆಚ್ಚುವರಿ ಶುಲ್ಕ ತೆರಬೇಕಾದ ದೊಡ್ಡ ಕಾರ್ಖಾನೆಗಳಿಗೆ ಇದರಿಂದ ಲಾಭ ಉಂಟು. ಆದರೆ ಮನೆಯ ಮೀಟರು ಅಳೆಯುವುದು ಕಿಲೊವಾಟ್-ಗಂಟೆಯನ್ನು, ಅಂದರೆ ಕೆಲಸ ಮಾಡಿದ ಅಂಶವನ್ನು ಮಾತ್ರ. ಹೋಗಿ ಬರುವ ಅಂಶಕ್ಕೆ ನಾವು ಮೊದಲೂ ಹಣ ಕೊಡುತ್ತಿರಲಿಲ್ಲ. ಕೊಡದ ಹಣವನ್ನು ಉಳಿಸುವುದು ಹೇಗೆ?

ಲೆಕ್ಕವನ್ನೂ ಹಾಕಿದೆವು. 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಈ ಕೆಪಾಸಿಟರ್ ಎಳೆಯುವ ಪ್ರವಾಹ ಸುಮಾರು 0.29 ಆಂಪಿಯರ್. ಮನೆಯ ಪಂಪು 0.75 ಪವರ್ ಫ್ಯಾಕ್ಟರಿನಲ್ಲಿ 5 ಆಂಪಿಯರ್ ಎಳೆಯುತ್ತದೆ ಎನ್ನಿ. ಪೆಟ್ಟಿಗೆ ಸಿಕ್ಕಿಸಿದ ಮೇಲೆ ಅದು ಸುಮಾರು 4.8 ಆಂಪಿಯರ್ ಆಗುತ್ತದೆ. ಮನೆಯೊಳಗಿನ ತಂತಿಗಳ ರೋಧ ಅರ್ಧ ಓಮ್ ಎಂದಿಟ್ಟುಕೊಂಡರೆ ತಂತಿ ಬಿಸಿಯಾಗಿ ನಷ್ಟವಾಗುವ ಶಕ್ತಿ 12.5 ವಾಟ್‌ನಿಂದ 11.6 ವಾಟ್‌ಗೆ ಇಳಿಯುತ್ತದೆ. ಉಳಿತಾಯ ಒಂದು ವಾಟ್‌ಗಿಂತ ಕಡಿಮೆ. ಪಂಪು ಬಳಸುವುದು 860 ವಾಟ್. ಅಂದರೆ ಸಾವಿರಕ್ಕೆ ಒಂದು ಪಾಲು, ಅದೂ ಪಂಪು ಓಡುತ್ತಿರುವಾಗ ಮಾತ್ರ. ಹಸಿರು ದೀಪ ಮಾತ್ರ ಹಗಲೂ ರಾತ್ರಿ ಉರಿಯುತ್ತಿರುತ್ತದೆ, ಅದರ ಖರ್ಚು ನಮ್ಮದೇ.

ಈ ಲೆಕ್ಕವನ್ನು ಲಗತ್ತಿಸಿ ಸಂಬಂಧಪಟ್ಟ ಒಂದು ಕಚೇರಿಗೆ ನಾನು ದೂರು ಬರೆದೆ. ಬಹಳ ತಿಂಗಳ ನಂತರ ಮೂರು ಸಾಲಿನ ಉತ್ತರ ಬಂತು. ಜಾಹೀರಾತುದಾರರು ತಮ್ಮ ಹೇಳಿಕೆಗೆ ಸಮರ್ಥನೆ ಒದಗಿಸಿಲ್ಲ, ಆದ್ದರಿಂದ ಜಾಹೀರಾತನ್ನು ಹಿಂತೆಗೆದುಕೊಳ್ಳುವಂತೆ ಸೂಚಿಸಲಾಗಿದೆ ಎಂಬುದು ಅದರ ಸಾರ. ದೂರು ಗೆದ್ದಿತ್ತು. ಆದರೆ ಆ ಜಾಹೀರಾತು ಅದಕ್ಕೆ ಎಷ್ಟೋ ಮೊದಲೇ ತಾನಾಗಿ ನಿಂತುಹೋಗಿತ್ತು. ಅದೇ ಆಕಾರದ ಪೆಟ್ಟಿಗೆ ಬೇರೆ ಹೆಸರಿನಲ್ಲಿ, ಈ ಬಾರಿ ನೀಲಿ ದೀಪದೊಂದಿಗೆ, ಮಾರಾಟಕ್ಕೆ ಬಂದಿತ್ತು. ವಿದ್ಯಾರ್ಥಿಯ ತಂದೆಗೆ ಹಣ ವಾಪಸು ಬರಲಿಲ್ಲ. ಪೆಟ್ಟಿಗೆ ಏಕೆ ಕೆಲಸ ಮಾಡದು ಎಂಬ ವಿವರಣೆಯೂ ಯಾರಿಗೂ ತಲುಪಲಿಲ್ಲ.

ಆ ಮೂರು ಸಾಲುಗಳನ್ನು ಓದಿದಾಗ ನನಗೆ ಮೆಚ್ಚುಗೆಯೂ ಆಯಿತು, ಬೇಸರವೂ ಆಯಿತು. ಎರಡಕ್ಕೂ ಕಾರಣವಿದೆ.

ಪ್ರಶ್ನೆ ಸರಿಯಾಗಿದೆ

ಮೊದಲು ಮೆಚ್ಚುಗೆಯ ಮಾತು. "ಇದು ಸುಳ್ಳೆಂದು ನೀನು ಸಾಧಿಸು" ಎಂದು ದೂರುದಾರನಿಗೆ ಯಾರೂ ಹೇಳಲಿಲ್ಲ. "ಇದು ನಿಜವೆಂದು ನೀನು ತೋರಿಸು" ಎಂದು ಜಾಹೀರಾತುದಾರನಿಗೆ ಹೇಳಿದರು. ವಿಜ್ಞಾನದಲ್ಲಿಯೂ ಹೀಗೆಯೇ. ಹೊಸ ಪರಿಣಾಮವೊಂದನ್ನು ಕಂಡೆನೆನ್ನುವವರು ಅಳತೆಗಳನ್ನು ಮುಂದಿಡಬೇಕು, ಕೇಳುವವರು ಅಲ್ಲ.

ನಮ್ಮ ದೇಶದಲ್ಲಿ ಈ ಕೆಲಸ ಮಾಡುವವರು ಒಬ್ಬರಲ್ಲ. 1985ರಲ್ಲಿ ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಅಂದರೆ ಆಸ್ಕಿ, ಒಂದು. ಅದರ ದೂರು ಸಮಿತಿಯಲ್ಲಿ ಉದ್ಯಮದವರ ಜೊತೆಗೆ ಹೊರಗಿನ ವೈದ್ಯರು, ವಕೀಲರು, ಗ್ರಾಹಕ ಕಾರ್ಯಕರ್ತರೂ ಇರುತ್ತಾರೆ. ಇದು ಸ್ವಯಂ ನಿಯಂತ್ರಣದ ಸಂಸ್ಥೆ, ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ. ಆದರೂ 2006ರಲ್ಲಿ ಕೇಬಲ್ ಟೆಲಿವಿಷನ್ ನಿಯಮಗಳಿಗೆ ತಿದ್ದುಪಡಿಯಾಗಿ, ಆಸ್ಕಿಯ ಸಂಹಿತೆಯನ್ನು ಮುರಿಯುವ ಜಾಹೀರಾತನ್ನು ಕೇಬಲ್‌ನಲ್ಲಿ ಪ್ರಸಾರ ಮಾಡಕೂಡದು ಎಂದಾಯಿತು. ಎರಡನೆಯದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರ ಜುಲೈನಲ್ಲಿ ಆರಂಭವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ. ಇದಕ್ಕೆ ಹಲ್ಲುಗಳಿವೆ. ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹುರುಳಿಲ್ಲದ ವಸ್ತುವನ್ನು ಹೊಗಳಿದ ತಾರೆಯನ್ನು ಒಂದು ವರ್ಷ ಜಾಹೀರಾತಿನಿಂದ ದೂರವಿಡಬಹುದು.

ಈ ಪ್ರಾಧಿಕಾರದ ಆರಂಭದ ಎರಡು ಆದೇಶಗಳನ್ನು ವಿಜ್ಞಾನದ ಅಧ್ಯಾಪಕರು ತರಗತಿಯಲ್ಲಿ ಚರ್ಚಿಸಲೇಬೇಕು ಎಂಬುದು ನನ್ನ ಅಭಿಪ್ರಾಯ.

2022ರ ಮಾರ್ಚ್‌ನಲ್ಲಿ ಸೆನ್ಸೊಡೈನ್ ಟೂತ್‌ಪೇಸ್ಟಿನ ಜಾಹೀರಾತಿಗೆ 10 ಲಕ್ಷ ರೂಪಾಯಿ ದಂಡ ಬಿತ್ತು. ಜಗತ್ತಿನಾದ್ಯಂತ ದಂತವೈದ್ಯರು ಶಿಫಾರಸು ಮಾಡುತ್ತಾರೆ, ಇದು ಜಗತ್ತಿನ ಮೊದಲನೇ ಸ್ಥಾನದ ಪೇಸ್ಟು ಎಂಬವು ಆಕ್ಷೇಪಕ್ಕೆ ಒಳಗಾದ ಹೇಳಿಕೆಗಳಲ್ಲಿ ಸೇರಿದ್ದವು. ಪುರಾವೆ ಎಲ್ಲಿ ಎಂದಾಗ ಕಂಪನಿ ಸಮೀಕ್ಷೆಗಳನ್ನು ಒಪ್ಪಿಸಿತು. ಅವು ಭಾರತದ ದಂತವೈದ್ಯರನ್ನು ಮಾತ್ರ ಕೇಳಿ ಮಾಡಿದವು! ಮಾದರಿ ಯಾವ ಸಮೂಹದಿಂದ ಬಂದಿದೆಯೋ ತೀರ್ಮಾನವೂ ಆ ಸಮೂಹಕ್ಕೇ ಸೀಮಿತ ಎಂದು ಸಂಖ್ಯಾಶಾಸ್ತ್ರದ ಮೊದಲ ಪಾಠದಲ್ಲಿ ಹೇಳುತ್ತೇವಲ್ಲ, ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಇನ್ನೊಂದು ಆದೇಶ ಅದೇ ವರ್ಷ ಫೆಬ್ರವರಿಯದು, ನಾಪ್‌ಟಾಲ್ ಎಂಬ ಟಿ.ವಿ. ಮಾರಾಟ ಸಂಸ್ಥೆಯ ಮೇಲೆ. ದಂಡ ಅಷ್ಟೇ. ಆಕ್ಷೇಪಕ್ಕೆ ಗುರಿಯಾದ ಜಾಹೀರಾತುಗಳಲ್ಲಿ ಚಿನ್ನದ ಆಭರಣಗಳೆಂದು ಹೇಳಿದ್ದು ಒಂದು, ಮಂಡಿಗೆ ಕಟ್ಟುವ ಅಯಸ್ಕಾಂತದ ಪಟ್ಟಿ ಇನ್ನೊಂದು. ಅಯಸ್ಕಾಂತದ ಪಟ್ಟಿ, ಹಾಸಿಗೆ, ಬಳೆ, ನೀರಿನ ಲೋಟ ಎಲ್ಲವೂ ನಮ್ಮಲ್ಲಿ ಹಳೆಯ ಸರಕು. ರಕ್ತದಲ್ಲಿ ಕಬ್ಬಿಣವಿದೆ, ಅಯಸ್ಕಾಂತ ಕಬ್ಬಿಣವನ್ನು ಸೆಳೆಯುತ್ತದೆ, ಆದ್ದರಿಂದ ರಕ್ತಸಂಚಾರ ಹೆಚ್ಚುತ್ತದೆ ಎಂಬ ತರ್ಕವನ್ನು ನೀವೂ ಕೇಳಿರಬಹುದು. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದಂತಲ್ಲ. ಅದು ಹೀಮೋಗ್ಲೋಬಿನ್ ಅಣುವಿನೊಳಗೆ ಬಿಡಿ ಅಯಾನಾಗಿ ಕುಳಿತಿರುತ್ತದೆ. 1936ರಲ್ಲಿಯೇ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಅಳೆದು ತೋರಿಸಿದಂತೆ, ಆಮ್ಲಜನಕ ಹೊತ್ತ ಹೀಮೋಗ್ಲೋಬಿನ್ನನ್ನು ಅಯಸ್ಕಾಂತ ಸೆಳೆಯುವುದಿಲ್ಲ, ಬದಲಿಗೆ ಅತಿ ದುರ್ಬಲವಾಗಿ ದೂಡುತ್ತದೆ. ಆಮ್ಲಜನಕ ಬಿಟ್ಟುಕೊಟ್ಟದ್ದನ್ನು ಅತಿ ದುರ್ಬಲವಾಗಿ ಸೆಳೆಯುತ್ತದೆ. (ಈ ಸೂಕ್ಷ್ಮ ವ್ಯತ್ಯಾಸವನ್ನೇ ಹಿಡಿದು ಮಿದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಎಂ.ಆರ್.ಐ. ತಂತ್ರ ಬೆಳೆದದ್ದು ಬೇರೆ ಕಥೆ.) ಎಂ.ಆರ್.ಐ. ಯಂತ್ರದ 1.5 ಅಥವಾ 3 ಟೆಸ್ಲಾ ಕ್ಷೇತ್ರದಲ್ಲಿ ಅರ್ಧ ಗಂಟೆ ಮಲಗಿ ಎದ್ದವರ ರಕ್ತಸಂಚಾರದಲ್ಲಿ ಜಾಹೀರಾತು ಹೇಳುವ ಯಾವ ಪವಾಡವೂ ಆಗುವುದಿಲ್ಲ. ಬಟ್ಟೆಯಲ್ಲಿ ಹೊಲಿದ ಗುಂಡಿ ಅಯಸ್ಕಾಂತದ ಕ್ಷೇತ್ರ ಅದರ ಮುಂದೆ ಎಷ್ಟು? ಅದೂ ಒಂದೆರಡು ಸೆಂಟಿಮೀಟರು ದೂರಕ್ಕೇ ಕುಸಿದುಬೀಳುತ್ತದೆ.

ಉತ್ತರ ಅರ್ಧಕ್ಕೇ ನಿಲ್ಲುತ್ತದೆ

ಈಗ ಬೇಸರದ ಮಾತು. ಮೇಲಿನ ಭೌತವಿಜ್ಞಾನ ಯಾವುದೂ ದಂಡದ ಸುದ್ದಿಯ ಜೊತೆ ಜನರಿಗೆ ತಲುಪಲಿಲ್ಲ. ನಿಯಂತ್ರಕರು ತೀರ್ಮಾನಿಸುವುದು ಜಾಹೀರಾತಿನ ಬಗ್ಗೆ, ವಸ್ತುವಿನ ಬಗ್ಗೆ ಅಲ್ಲ. "ಸಮರ್ಥನೆ ಒದಗಿಸಿಲ್ಲ" ಎಂಬ ವಾಕ್ಯವನ್ನು ಸಾಮಾನ್ಯ ಓದುಗ ಹೇಗೆ ಅರ್ಥ ಮಾಡಿಕೊಳ್ಳುತ್ತಾನೆ? ಕಾಗದಪತ್ರದಲ್ಲಿ ಏನೋ ಕೊರತೆ, ವಸ್ತು ಒಳ್ಳೆಯದೇ ಇರಬಹುದು ಎಂದು. ನನ್ನ ಸಹೋದ್ಯೋಗಿಯೊಬ್ಬರೇ ಹೀಗೆ ವಾದಿಸಿದರು! ಸಮರ್ಥನೆ ಒದಗಿಸಿದ ಪ್ರಕರಣಗಳಲ್ಲಿ ಇನ್ನೂ ಕಷ್ಟ. ಏನು ಒದಗಿಸಿದರು, ಎಷ್ಟು ಜನರ ಮೇಲೆ ಪರೀಕ್ಷೆ ನಡೆಯಿತು, ಹೋಲಿಕೆಯ ಗುಂಪು ಯಾವುದು ಎಂಬ ವಿವರಗಳನ್ನು ಉದ್ಯಮದ ಗುಟ್ಟೆಂದು ಮುಚ್ಚಿಟ್ಟರೆ ಹೊರಗಿನವರು ಪರೀಕ್ಷಿಸುವುದು ಹೇಗೆ? ಪ್ರಾಧಿಕಾರ ತನ್ನ ಆದೇಶಗಳನ್ನು ಪ್ರಕಟಿಸುತ್ತದೆ, ಇದು ಒಳ್ಳೆಯ ರೂಢಿ. ಅವು ಕನ್ನಡದಲ್ಲಿ ಬರುವಂತಾದರೆ ಮತ್ತೂ ಒಳ್ಳೆಯದು.

ಪುರಾವೆಯನ್ನು ಬಯಲಿಗಿಡುವುದು ಏಕೆ ಮುಖ್ಯ ಎಂಬುದಕ್ಕೆ 2008ರ ಒಂದು ಪ್ರಸಂಗ. ಮಕ್ಕಳು ಹೆಚ್ಚು ಎತ್ತರ, ಹೆಚ್ಚು ಬಲಶಾಲಿ, ಹೆಚ್ಚು ಚುರುಕು ಆಗುತ್ತಾರೆಂಬ ಹಾರ್ಲಿಕ್ಸ್ ಜಾಹೀರಾತು ನೇಪಾಳಿ ವಾಹಿನಿಯೊಂದರ ಮೂಲಕ ಬ್ರಿಟನ್ನಿನ ಮನೆಗಳಲ್ಲಿ ಕಾಣಿಸಿಕೊಂಡಿತು. ಅಲ್ಲಿನ ಜಾಹೀರಾತು ಮಾನದಂಡ ಪ್ರಾಧಿಕಾರಕ್ಕೆ ದೂರು ಹೋಯಿತು. ಅದು ಬಾಂಗ್ಲಾದೇಶಕ್ಕಾಗಿ ತಯಾರಾದದ್ದು, ಬ್ರಿಟನ್ನಿನ ಪ್ರೇಕ್ಷಕರಿಗಲ್ಲ ಎಂದು ಕಂಪನಿ ಹೇಳಿತು. ಅದೇ ರೂಪದಲ್ಲಿ ಮತ್ತೆ ಪ್ರಸಾರ ಕೂಡದು ಎಂದು ಪ್ರಾಧಿಕಾರ ತೀರ್ಪಿತ್ತಿತು. ನಮ್ಮಲ್ಲಿ ಆ ಮೂರು ಗುಣವಾಚಕಗಳು ಮನೆಮಾತಾಗಿದ್ದವು. ಭಾರತದಲ್ಲಿ ನಡೆದ ಅಧ್ಯಯನಗಳ ಆಧಾರವಿದೆ ಎಂಬುದು ಕಂಪನಿಯ ವಾದ. ಇರಬಹುದು. ಪೌಷ್ಟಿಕಾಂಶದ ಕೊರತೆಯಿರುವ ಮಗುವಿಗೆ ಕಬ್ಬಿಣ, ಜೀವಸತ್ವಗಳನ್ನು ಕೊಟ್ಟರೆ ಅದು ಚೇತರಿಸಿಕೊಳ್ಳುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಂಥ ಅಧ್ಯಯನ ಸಾಧಿಸುವುದು ಪೌಷ್ಟಿಕಾಂಶದ ಗುಣವನ್ನು, ಡಬ್ಬಿಯ ಹೆಸರನ್ನಲ್ಲ. ರಾಗಿ, ಕಾಳು, ಸೊಪ್ಪು, ಮೊಟ್ಟೆ ತಿನ್ನುವ ಮಗುವಿನೊಂದಿಗೆ ಹೋಲಿಸಿದ್ದಾರೆಯೇ ಎಂದು ಕೇಳುವ ಅವಕಾಶ ತಾಯಿತಂದೆಯರಿಗೆ ಇರಬೇಡವೇ?

ಇಲ್ಲಿ ಕಾನೂನಿನ ಒಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಅನುಸೂಚಿಯಲ್ಲಿ ಮಧುಮೇಹ, ಕ್ಯಾನ್ಸರ್, ಬೊಜ್ಜು ಮುಂತಾದವುಗಳ ಸಾಲಿನಲ್ಲಿ ಮನುಷ್ಯನ ಎತ್ತರವೂ ಸೇರಿದೆ. ಅಂದರೆ ಎತ್ತರ ಬೆಳೆಸುವೆನೆಂದು ಔಷಧದ ಜಾಹೀರಾತು ಕೊಟ್ಟರೆ ಅಪರಾಧ. ಆದರೆ ಅದೇ ಕಾಯ್ದೆ, ದೇಹದ ರಚನೆಯ ಮೇಲೆ ಪರಿಣಾಮ ಬೀರುವ ವಸ್ತುಗಳನ್ನು ಹೆಸರಿಸುವಾಗ ಆಹಾರವನ್ನು ಹೊರಗಿಟ್ಟಿದೆ. ಗುಳಿಗೆ ಹೇಳಬಾರದ್ದನ್ನು ಪುಡಿ ಹೇಳಬಹುದಾದದ್ದು ಹೀಗೆ. ಆಹಾರದ ಜಾಹೀರಾತಿನ ಹೇಳಿಕೆಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಬಂದದ್ದು 2018ರಲ್ಲಿ.

ತಡವಾದ ಅಳತೆ

ಜಾಹೀರಾತಿನ ಆಯುಷ್ಯ ಕೆಲವು ವಾರ. ದೂರಿನ ಆಯುಷ್ಯ ತಿಂಗಳುಗಳು, ಕೆಲವೊಮ್ಮೆ ವರ್ಷಗಳು. ಅಳೆಯುವ ಉಪಕರಣ ಘಟನೆಗಿಂತ ನಿಧಾನವಾಗಿದ್ದರೆ ಅಳತೆಗೆ ಅರ್ಥವಿರುವುದಿಲ್ಲ ಎಂಬುದನ್ನು ಪ್ರಯೋಗ ಮಾಡಿದವರೆಲ್ಲ ಬಲ್ಲರು. ಅಮೆರಿಕದಲ್ಲಿ ಕಾರ್ಟರ್ಸ್ ಲಿಟ್ಲ್ ಲಿವರ್ ಪಿಲ್ಸ್ ಎಂಬ ಗುಳಿಗೆಗಳಿದ್ದವು. ಅವು ಯಕೃತ್ತಿಗೆ ಏನೂ ಮಾಡದ ಭೇದಿ ಗುಳಿಗೆಗಳು. ಹೆಸರಿನಿಂದ 'ಲಿವರ್' ಪದವನ್ನು ತೆಗೆಸಲು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1943ರಲ್ಲಿ ಹೊರಟು 1959ರಲ್ಲಿ ಗೆದ್ದಿತು. ಒಂದು ಪದಕ್ಕೆ 16 ವರ್ಷ!

ಹಾಗಾದರೆ ಪ್ರಸಾರಕ್ಕೆ ಮೊದಲೇ ಅನುಮತಿ ಪಡೆಯಲಿ ಎನ್ನಬಹುದು. ಎಲ್ಲ ಜಾಹೀರಾತಿಗೂ ಅದು ಅಸಾಧ್ಯ, ಅಪೇಕ್ಷಣೀಯವೂ ಅಲ್ಲ. ಆದರೆ ಔಷಧಗಳ ವಿಷಯ ಬೇರೆ. 2018ರಲ್ಲಿ ಔಷಧ ನಿಯಮಗಳಿಗೆ 170ನೇ ನಿಯಮವನ್ನು ಸೇರಿಸಿ, ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ಜಾಹೀರಾತಿಗೆ ರಾಜ್ಯದ ಪರವಾನಗಿ ಅಧಿಕಾರಿಯ ಪೂರ್ವಾನುಮತಿ ಬೇಕೆಂದು ಸರ್ಕಾರವೇ ವಿಧಿಸಿತು. 2023ರ ಆಗಸ್ಟ್‌ನಲ್ಲಿ ಈ ನಿಯಮದಡಿ ಕ್ರಮ ಬೇಡವೆಂದು ಆಯುಷ್ ಸಚಿವಾಲಯ ರಾಜ್ಯಗಳಿಗೆ ಬರೆಯಿತು. 2024ರ ಜುಲೈನಲ್ಲಿ ನಿಯಮವನ್ನೇ ಕೈಬಿಡಲಾಯಿತು. ಆ ವೇಳೆಗೆ ಭಾರತೀಯ ವೈದ್ಯಕೀಯ ಸಂಘ ಪತಂಜಲಿ ಆಯುರ್ವೇದದ ಜಾಹೀರಾತುಗಳ ವಿರುದ್ಧ ಸಲ್ಲಿಸಿದ್ದ ಅರ್ಜಿ ಸುಪ್ರೀಂ ಕೋರ್ಟಿನ ಮುಂದಿತ್ತು. ಆಗಸ್ಟ್‌ನಲ್ಲಿ ಕೋರ್ಟು ಕೈಬಿಡುವಿಕೆಗೆ ತಡೆ ಕೊಟ್ಟಿತು. ಒಂದು ವರ್ಷದ ನಂತರ, 2025ರ ಆಗಸ್ಟ್‌ನಲ್ಲಿ, ಮೂಲ ಅರ್ಜಿಯೇ ಮುಕ್ತಾಯವಾಗಿ ತಡೆಯೂ ಹೋಯಿತು. ನಿಯಮ ಹುಟ್ಟಿದ್ದು, ನಿದ್ರಿಸಿದ್ದು, ಸತ್ತದ್ದು, ಎದ್ದದ್ದು, ಮತ್ತೆ ಸತ್ತದ್ದು ಎಲ್ಲವೂ ಏಳು ವರ್ಷದೊಳಗೆ. ಅಲೋಪಥಿಯವರು ಸಾಚಾ ಎಂದು ನಾನು ಹೇಳುತ್ತಿಲ್ಲ. ಯಾವ ಪದ್ಧತಿಯ ಔಷಧವೇ ಆಗಲಿ, ಮಧುಮೇಹದ ರೋಗಿ ಇನ್ಸುಲಿನ್ ನಿಲ್ಲಿಸುವಂತೆ ಮಾಡುವ ಜಾಹೀರಾತು ಪ್ರಸಾರವಾದ ಮೇಲೆ ದೂರಿಗೆ ಕಾಯುವುದೆಂದರೆ ಏನೆಂದು ನೀವೇ ಯೋಚಿಸಿ.

ಅಳಿಸುವುದಲ್ಲ, ತಿದ್ದುವುದು

ನನ್ನ ಮುಖ್ಯ ಆಕ್ಷೇಪ ಇಷ್ಟು: ಜಾಹೀರಾತನ್ನು ನಿಲ್ಲಿಸಿದ ಮಾತ್ರಕ್ಕೆ ಅದು ಬಿತ್ತಿದ ನಂಬಿಕೆ ನಿಲ್ಲುವುದಿಲ್ಲ. ಇದಕ್ಕೆ ಪರಿಹಾರ ತಿದ್ದುಪಡಿ ಜಾಹೀರಾತು, ತಪ್ಪು ಹೇಳಿದವನ ಖರ್ಚಿನಲ್ಲಿಯೇ ಸರಿಯಾದದ್ದನ್ನು ಹೇಳಿಸುವುದು. ಲಿಸ್ಟರೀನ್ ಎಂಬ ಬಾಯಿ ಮುಕ್ಕಳಿಸುವ ದ್ರವ ನೆಗಡಿಯನ್ನು ತಡೆಯುತ್ತದೆ ಎಂದು ಅಮೆರಿಕದಲ್ಲಿ ದಶಕಗಳ ಕಾಲ ಪ್ರಚಾರ ನಡೆದಿತ್ತು. ಮುಂದಿನ ಜಾಹೀರಾತುಗಳಲ್ಲಿ, ಸುಮಾರು 1 ಕೋಟಿ ಡಾಲರ್ ಖರ್ಚಾಗುವ ತನಕ, ಇದು ನೆಗಡಿಯನ್ನಾಗಲಿ ಗಂಟಲು ನೋವನ್ನಾಗಲಿ ತಡೆಯದು ಎಂದು ಹೇಳಬೇಕೆಂಬ ಆದೇಶವನ್ನು 1977ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಆಮೇಲಿನ ಸಮೀಕ್ಷೆಗಳಲ್ಲಿ ಹಳೆಯ ನಂಬಿಕೆ ಕುಗ್ಗಿತ್ತು, ಅಳಿದಿರಲಿಲ್ಲ. ಅಷ್ಟು ಖರ್ಚು ಮಾಡಿಸಿದ ಮೇಲೂ ಹೀಗೆ!

ಆಸ್ಟ್ರೇಲಿಯಾದ್ದು ಇನ್ನೂ ಅಚ್ಚುಕಟ್ಟು. ಪವರ್ ಬ್ಯಾಲೆನ್ಸ್ ಎಂಬ ರಬ್ಬರಿನಂಥ ಕೈಪಟ್ಟಿಯಲ್ಲಿ ಹೊಲೊಗ್ರಾಮ್ ಅಂಟಿಸಿ, ಅದು ದೇಹದ ಶಕ್ತಿಕ್ಷೇತ್ರದ ಕಂಪನಾಂಕಕ್ಕೆ ಹೊಂದಿಕೊಂಡು ಸಮತೋಲನ ಹೆಚ್ಚಿಸುತ್ತದೆ ಎಂದು ಮಾರುತ್ತಿದ್ದರು. ಯಾವ ಕ್ಷೇತ್ರ, ಎಷ್ಟು ಹರ್ಟ್ಸ್ ಎಂದು ಕೇಳಬೇಡಿ. ಅಲ್ಲಿನ ಸ್ಪರ್ಧೆ ಮತ್ತು ಗ್ರಾಹಕ ಆಯೋಗ ಮಧ್ಯೆ ಬಂದ ಮೇಲೆ, 2010ರ ಡಿಸೆಂಬರ್‌ನಲ್ಲಿ, ತನ್ನ ಹೇಳಿಕೆಗಳಿಗೆ ನಂಬಲರ್ಹ ವೈಜ್ಞಾನಿಕ ಪುರಾವೆ ಇಲ್ಲವೆಂದು ಕಂಪನಿ ತಾನೇ ಬಹಿರಂಗವಾಗಿ ಒಪ್ಪಿಕೊಂಡು, ಕೇಳಿದವರಿಗೆ ಹಣ ಹಿಂದಿರುಗಿಸಬೇಕಾಯಿತು. ಆ ಸುದ್ದಿ ಜಗತ್ತಿನಾದ್ಯಂತ ಹರಡಿತು. ಮರು ವರ್ಷ ಅಮೆರಿಕದ ಮೂಲ ಕಂಪನಿ ದಿವಾಳಿ ಅರ್ಜಿ ಹಾಕಿತು. ಮಾರಿದವನ ಬಾಯಿಂದಲೇ ಬಂದ ಆ ಒಂದು ವಾಕ್ಯ ನನ್ನಂಥವರ ನೂರು ಉಪನ್ಯಾಸಗಳಿಗಿಂತ ಹೆಚ್ಚು ಕೆಲಸ ಮಾಡಿತು ಎನ್ನಲು ನನಗೆ ಸಂಕೋಚವಿಲ್ಲ.

ನಮ್ಮ ಕಾನೂನಿನಲ್ಲಿ ಈ ಅಸ್ತ್ರ ಇಲ್ಲವೇ? ಇದೆ. 1986ರ ಗ್ರಾಹಕ ಕಾಯ್ದೆಗೆ 2002ರ ತಿದ್ದುಪಡಿ ಅದನ್ನು ಸೇರಿಸಿತು. 2019ರ ಕಾಯ್ದೆಯಲ್ಲಿಯೂ ಗ್ರಾಹಕ ಆಯೋಗಗಳು ತಿದ್ದುಪಡಿ ಜಾಹೀರಾತನ್ನು ಆದೇಶಿಸಬಹುದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಪುಸ್ತಕದಲ್ಲಿರುವ ಈ ಅಧಿಕಾರದ ಫಲವನ್ನು ನಿಮ್ಮಲ್ಲಿ ಎಷ್ಟು ಮಂದಿ ಟಿ.ವಿ.ಯಲ್ಲಿ ಕಂಡಿದ್ದೀರಿ? ನಾನಂತೂ ಕಂಡಿಲ್ಲ. ದಂಡ ಸರ್ಕಾರಕ್ಕೆ ಹೋಗುತ್ತದೆ, ಮೋಸಹೋದವನಿಗೆ ತಿಳಿವಳಿಕೆಯೂ ಸಿಗುವುದಿಲ್ಲ.

ದೂರು ಬರೆಯುವಾಗ

ಇಷ್ಟೆಲ್ಲ ಟೀಕಿಸಿದ ಮೇಲೂ ದೂರು ಬರೆಯಿರಿ ಎಂದೇ ಹೇಳುತ್ತೇನೆ. ಕಾಯ್ದೆಯ 17ನೇ ಕಲಮಿನ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿನ ದೂರನ್ನು ನೇರವಾಗಿ ಪ್ರಾಧಿಕಾರಕ್ಕೆ ಮಾತ್ರವಲ್ಲ, ನಿಮ್ಮ ಜಿಲ್ಲಾಧಿಕಾರಿಗೂ ಕೊಡಬಹುದು. ಇದು ಬಹಳ ಮಂದಿಗೆ ಗೊತ್ತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಾಹೀರಾತು ಯಾವ ವಾಹಿನಿ ಅಥವಾ ಪತ್ರಿಕೆಯಲ್ಲಿ, ಯಾವ ದಿನ, ಯಾವ ಹೊತ್ತಿಗೆ ಬಂತು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಹೇಳಿಕೆಯನ್ನು ಅವರ ಮಾತಿನಲ್ಲಿಯೇ ದಾಖಲಿಸಿ. "ಮೋಸ", "ವಂಚನೆ" ಎಂಬ ಪದಗಳನ್ನು ಬಿಡಿ, ಅಳೆಯಬಹುದಾದ ಒಂದು ಹೇಳಿಕೆಯನ್ನು ಹಿಡಿದು ಅದಕ್ಕೆ ಪುರಾವೆ ಕೇಳಿ. ಪರದೆಯ ಕೆಳಗೆ ಓಡುವ ಸಣ್ಣಕ್ಷರಗಳನ್ನೂ ನೋಡಿ. 2022ರ ಜೂನ್‌ನ ಮಾರ್ಗಸೂಚಿಯ ಪ್ರಕಾರ ಸೂಚನೆಯು ಹೇಳಿಕೆಯ ಭಾಷೆಯಲ್ಲಿಯೇ ಇರಬೇಕು, ಹೇಳಿಕೆಗೆ ವಿರುದ್ಧವಾಗಿರಬಾರದು. ಕನ್ನಡದಲ್ಲಿ ಆಸೆ ಹುಟ್ಟಿಸಿ ಇಂಗ್ಲಿಷಿನಲ್ಲಿ ಷರತ್ತು ಹೇಳುವ ಜಾಹೀರಾತು ಕಂಡರೆ ಅದೊಂದೇ ದೂರಿಗೆ ಸಾಕು. ಕೊನೆಗೆ, ಜಾಹೀರಾತು ನಿಲ್ಲಿಸಿ ಎಂದಷ್ಟೇ ಬರೆಯಬೇಡಿ, ಕಾರಣ ಸಹಿತ ಆದೇಶವನ್ನು ಕನ್ನಡದಲ್ಲಿ ಪ್ರಕಟಿಸಿ ಎಂದೂ ಕೇಳಿ.

ಆ ಪೆಟ್ಟಿಗೆ ಈಗಲೂ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿದೆ. ಪರ್ಯಾಯ ವಿದ್ಯುತ್ತಿನ ಪಾಠ ಬಂದಾಗ ವಿದ್ಯಾರ್ಥಿಗಳು ಅದನ್ನು ವಾಟ್‌ಮೀಟರಿನ ಜೊತೆ ಜೋಡಿಸಿ ಓದಿಕೆ ತೆಗೆಯುತ್ತಾರೆ. ನೀಲಿ ದೀಪದ್ದನ್ನೂ ಒಬ್ಬ ಹುಡುಗಿ ಕಳೆದ ವರ್ಷ ಮನೆಯಿಂದ ತಂದಳು. ಅದರೊಳಗಿನ ಕೆಪಾಸಿಟರ್ 3.3 ಮೈಕ್ರೊಫ್ಯಾರಡ್. ಜಾಹೀರಾತಿನ ತುಣುಕು, ಓದಿಕೆಗಳ ಪಟ್ಟಿ, ಬಿಚ್ಚಿದ ಪೆಟ್ಟಿಗೆಯ ಫೋಟೊ ಸೇರಿಸಿ ದೂರನ್ನು ಆಕೆಯೇ ಬರೆದು ಕಳಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.